ನೋವಿನ ಮಾತ್ರೆಯೇ ನಮ್ಮ ಹುಡುಗರ ಫಿಸಿಯೋ

ಹೊನಲು ಬೆಳಕಿನ ಕಬಡ್ಡಿ ನೋಡಲು ಹೋದವರು ಒಮ್ಮೆ ಶಾಮಿಯಾನದ ಹಿಂದಕ್ಕೂ ಹೋಗಿ ಬನ್ನಿ. ಕಳೆದ ಸಲ ನಾನು ಹೋದಾಗ ರಾತ್ರಿ ಒಂದೂವರೆ. ಆಗಲೇ ಮೂರು ಪಂದ್ಯ ಆಡಿದ್ದ ಹುಡುಗನೊಬ್ಬ ಊದಿದ ಮೊಣಕಾಲಿಗೆ ಸ್ಪ್ರೇ ಹೊಡೆದುಕೊಂಡು, ಖಾಲಿ ಹೊಟ್ಟೆಗೆ ಡೈಕ್ಲೋಫೆನಾಕ್ ಮಾತ್ರೆ ನುಂಗಿದ. 'ಡಾಕ್ಟ್ರಿಗೆ ತೋರಿಸಿದ್ಯೇನಪ್ಪಾ?' ಅಂದೆ. 'ಮೆಡಿಕಲ್‌ನೋರೇ ಕೊಟ್ರು ಅಣ್ಣ, ಬೆಳಿಗ್ಗೆನೂ ಒಂದು ತಗೊಂಡಿದ್ದೆ' ಅಂದ. ಟ್ರೋಫಿ ಎದೆಯೆತ್ತರ ಇತ್ತು. ಫಿಸಿಯೋ ಬಿಡಿ, ಕಾಲಿಗಿಡಲು ಐಸ್ ಇರಲಿಲ್ಲ. ಇತ್ತು, ವೇದಿಕೆ ಮೇಲಿನವರ ಜ್ಯೂಸಿಗೆ.

ಡೈಕ್ಲೋಫೆನಾಕ್ ನಿಷೇಧಿತ ಮದ್ದಲ್ಲ ಎಂಬುದೇ ಎಲ್ಲರ ಸಮಾಧಾನ. ಆದರೆ ಬೆವರಿ ನೀರು ಕಳೆದುಕೊಂಡ ದೇಹಕ್ಕೆ ಇದು ಬಿದ್ದರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ನೋವು ಅಡಗಿದ ಮಾತ್ರಕ್ಕೆ ಗಾಯ ಮಾಯುವುದಿಲ್ಲ, ಅದೇ ಕಾಲಲ್ಲಿ ಹುಡುಗ ಮತ್ತೆ ರೈಡ್‌ಗೆ ಹೋಗುತ್ತಾನೆ. ಈ ಔಷಧ ಪಡೆದಿದ್ದ ದನಗಳ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವೆಂದು 2006ರಲ್ಲಿ ಪಶುಗಳಿಗೆ ಕೊಡುವುದನ್ನೇ ನಿಷೇಧಿಸಿದರು. ಮನುಷ್ಯ ಹದ್ದಿನಷ್ಟು ಸೂಕ್ಷ್ಮ ಅಲ್ಲ, ಒಪ್ಪೋಣ. ಆದರೆ ಚೀಟಿ ಇಲ್ಲದೆ ಇದನ್ನು ಮಾರಬಾರದು ಎಂಬ ನಿಯಮ ಮನುಷ್ಯರಿಗಾಗಿಯೇ ಇದೆ. ಯಾವ ಊರಿನ ಮೆಡಿಕಲ್‌ನಲ್ಲಿ ಚೀಟಿ ಕೇಳುತ್ತಾರೆ, ಹೇಳಿ?

ಹುಡುಗ ಜಿಲ್ಲಾ ತಂಡಕ್ಕೆ ಬಂದರೆ ಪೌಡರ್ ಡಬ್ಬಿ ಶುರುವಾಗುತ್ತದೆ. ಪ್ರೋಟೀನ್ ಪೌಡರ್ ಕಾನೂನಿನ ಲೆಕ್ಕದಲ್ಲಿ ಔಷಧವಲ್ಲ, ಆಹಾರ. ಡಬ್ಬಿಯ ಮೇಲೆ ಬರೆಯದ್ದು ಒಳಗಿದ್ದರೂ ಕುಡಿದವನಿಗೆ ಗೊತ್ತಾಗುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿದರೆ 'ಗೊತ್ತಿರಲಿಲ್ಲ' ಎಂದ ಮಾತ್ರಕ್ಕೆ ಬಿಡುವುದಿಲ್ಲ. ಮೈಯಲ್ಲಿ ಏನಿದ್ದರೂ ಆಟಗಾರನೇ ಹೊಣೆ.

ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿಯನ್ನು ನೆನೆಯಿರಿ. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲೂ ಚಿನ್ನ. ಮರುವರ್ಷ ಸ್ಟೀರಾಯ್ಡ್ ಪ್ರಕರಣ. ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಬಂತೆಂದು ಓಟಗಾರ್ತಿಯರು ಹೇಳಿದರು. ಇಲ್ಲಿ ಒಂದು ವರ್ಷ ನಿಷೇಧವಾಯಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್‌ಗೆ ಕೆಲಸ ಹೋಯಿತು, ಓಡುವವಳಿಗೆ ಓಟವೇ ಹೋಯಿತು.

'ಓದಿ ತಿಳಿದುಕೊಳ್ಳಬೇಕಿತ್ತು' ಅನ್ನುವವರಿಗೆ ಒಂದು ಮಾತು. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾಗೆ ಎಂಟು ತಿಂಗಳ ನಿಷೇಧವಾದದ್ದು ಕೆಮ್ಮಿನ ಸಿರಪ್‌ನಲ್ಲಿದ್ದ ಟರ್ಬುಟಲಿನ್‌ನಿಂದ. ಟೆಸ್ಟ್ ಆಡಿದವನೇ ಹೀಗೆ ಸಿಕ್ಕಿಬಿದ್ದ. ಇನ್ನು ಮಾತ್ರೆ ಪಟ್ಟಿಯ ಹಿಂದಿನ ಇರುವೆ ಗಾತ್ರದ ಇಂಗ್ಲಿಷನ್ನು ನಮ್ಮ ಹುಡುಗ ರಾತ್ರಿ ಒಂದೂವರೆಗೆ ಓದಬೇಕೆ? ಅವನಿಗೆ ಬೇಕಿದ್ದದ್ದು ಎರಡು ದಿನ ವಿಶ್ರಾಂತಿ, ಐಸ್, ಹೊಟ್ಟೆ ತುಂಬ ಊಟ. ಕೊಟ್ಟದ್ದು ಮಾತ್ರೆ, ಯಾಕೆಂದರೆ ಅದು ಅಗ್ಗ.

ಆಟಗಾರರಿಗೆ ಜಾಗೃತಿ ಶಿಬಿರ ಮಾಡಿ ಕೈ ತೊಳೆದುಕೊಂಡದ್ದು ಸಾಕು. ತಾಲ್ಲೂಕು ಕ್ರೀಡಾಂಗಣಕ್ಕೊಬ್ಬ ಫಿಸಿಯೋ ಕೊಡಿ. ಒಂದು ರಾತ್ರಿಗೆ ಒಂದು ತಂಡ ಎಷ್ಟು ಪಂದ್ಯ ಆಡಬಹುದು ಎಂದು ಮಿತಿ ಹಾಕಿ. ಮೈಕಿಗೆ ಪರ್ಮಿಷನ್ ಕೊಡುವ ಪೊಲೀಸರು ಡಾಕ್ಟರ್ ಇದ್ದಾರಾ ಅಂತಲೂ ಕೇಳಲಿ. ಬಹುಮಾನದ ದುಡ್ಡಲ್ಲಿ ಒಂದಿಷ್ಟು ಕಡಿಮೆಯಾದರೆ ಟ್ರೋಫಿಯ ಎತ್ತರ ಒಂದಡಿ ಇಳಿಸಿ.