ಹಕ್ಕಿಗಳಿಗೂ ಬೇಕು ಒಂದು ಹಾಜರಿ ಪುಸ್ತಕ

ಮಕ್ಕಳೇ, ದಿನವೂ ಬೆಳಿಗ್ಗೆ ನಿಮ್ಮ ಶಿಕ್ಷಕರು ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ಬಂದವರ ಹೆಸರಿನ ಮುಂದೆ ಒಂದು ಗುರುತು, ಬಾರದವರ ಹೆಸರಿನ ಮುಂದೆ ಇನ್ನೊಂದು ಗುರುತು. ವರ್ಷದ ಕೊನೆಯಲ್ಲಿ ಆ ಪುಸ್ತಕ ತೆರೆದರೆ ಯಾರು ಯಾವ ತಿಂಗಳು ತಪ್ಪದೆ ಬಂದರು, ಯಾರು ಯಾವಾಗ ಬರಲಿಲ್ಲ ಎಂಬುದೆಲ್ಲ ತಿಳಿಯುತ್ತದೆ. ನಿಮ್ಮ ಮನೆಯ ಹಿತ್ತಲಿಗೆ, ಶಾಲೆಯ ಅಂಗಳಕ್ಕೆ ಬಂದುಹೋಗುವ ಹಕ್ಕಿಗಳಿಗೂ ಇಂಥದೇ ಒಂದು ಹಾಜರಿ ಪುಸ್ತಕ ಇರಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ, ಕೇಳಿ.

ನಾನು ಬೆಳೆದದ್ದು ಬೆಂಗಳೂರಿನ ಜಯನಗರದಲ್ಲಿ. ನಮ್ಮ ಮನೆಯ ಹಿತ್ತಲಲ್ಲಿ ಒಂದು ತೆಂಗು, ಒಂದು ನುಗ್ಗೆ, ಒಂದು ಪರಂಗಿ ಗಿಡ ಮತ್ತು ಬಟ್ಟೆ ಒಗೆಯುವ ಕಲ್ಲು ಇದ್ದವು. ಆಗ ನಡುಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಪಟದ ಹಿಂದೆ ಗುಬ್ಬಚ್ಚಿಗಳು ಗೂಡು ಕಟ್ಟುತ್ತಿದ್ದವು. ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿಗಳನ್ನು ಗುಡಿಸಿ ಗುಡಿಸಿ ಅಮ್ಮನಿಗೆ ಸಾಕಾಗುತ್ತಿತ್ತು. ಈಗ ಅಲ್ಲಿ ಗುಬ್ಬಚ್ಚಿಗಳಿಲ್ಲ. ಅವು ಯಾವ ವರ್ಷ ಬರುವುದನ್ನು ನಿಲ್ಲಿಸಿದವು? ಅಮ್ಮ ಒಂದು ವರ್ಷ ಹೇಳುತ್ತಾರೆ, ಅಣ್ಣ ಇನ್ನೊಂದು ಹೇಳುತ್ತಾನೆ. ನನಗಂತೂ ನೆನಪೇ ಇಲ್ಲ. ಒಂದೇ ಸಲ ಹೋದವೋ, ವರ್ಷ ವರ್ಷ ಕಡಿಮೆಯಾಗುತ್ತ ಹೋದವೋ ಎಂಬುದೂ ಗೊತ್ತಿಲ್ಲ. ಮೂರು ಜನ ಒಂದೇ ಮನೆಯಲ್ಲಿದ್ದೆವು, ದಿನವೂ ನೋಡುತ್ತಿದ್ದೆವು. ಆದರೆ ಒಬ್ಬರೂ ಬರೆದಿಡಲಿಲ್ಲ!

"ಮೊಬೈಲ್ ಟವರ್‌ಗಳಿಂದ ಗುಬ್ಬಚ್ಚಿಗಳು ಸತ್ತುಹೋದವು" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? 2020ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ಬಗ್ಗೆ ಒಂದು ವರದಿ ಬಂತು. ದೇಶವನ್ನು ಒಟ್ಟಾರೆ ನೋಡಿದರೆ, ಸುಮಾರು 25 ವರ್ಷಗಳಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚೇನೂ ಬದಲಾಗಿಲ್ಲ ಎಂದು ಅದು ಹೇಳಿತು. ಆದರೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಅವು ಕಡಿಮೆಯಾಗುತ್ತಿವೆ. ಟವರ್‌ಗಳೇ ಕಾರಣ ಎನ್ನಲು ಪುರಾವೆ ಸಿಕ್ಕಿಲ್ಲ. ಮರಿಗಳಿಗೆ ತಿನ್ನಿಸಲು ಹುಳುಹುಪ್ಪಟೆ ಸಿಗದಿರುವುದು, ಗೂಡಿಗೆ ಸಂದುಗೊಂದು ಇಲ್ಲದಿರುವುದು ಕಾರಣವಿರಬಹುದು ಎಂಬುದು ಪಕ್ಷಿತಜ್ಞರ ಊಹೆ. ಇಷ್ಟನ್ನು ಹೇಳಲು ಅವರಿಗೆ ಸಾಧ್ಯವಾದದ್ದು ಹೇಗೆ? ಸಾವಿರಾರು ಜನ ತಮ್ಮ ತಮ್ಮ ಊರುಗಳಲ್ಲಿ ನೋಡಿ, ದಿನಾಂಕ ಹಾಕಿ ಬರೆದಿಟ್ಟಿದ್ದರಿಂದ. 2023ರ ವರದಿಗಂತೂ ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳು ಬಳಕೆಯಾದವು. ಅವರಲ್ಲಿ ಹೆಚ್ಚಿನವರು ನಿಮ್ಮ ನಮ್ಮಂಥ ಸಾಮಾನ್ಯರು.

"ಅದೆಲ್ಲ ದೊಡ್ಡವರ ಕೆಲಸ, ನಾವು ಚಿಕ್ಕವರು" ಎನ್ನುತ್ತೀರಾ? ಹಾಗಾದರೆ ಸಲೀಂ ಅಲಿಯವರ ಕಥೆ ಕೇಳಿ. 1896ರಲ್ಲಿ ಹುಟ್ಟಿದ ಅವರು ನಮ್ಮ ದೇಶದ ಹೆಸರಾಂತ ಪಕ್ಷಿವಿಜ್ಞಾನಿ. ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಮುಂಬೈ ಬಳಿಯ ಚೆಂಬೂರಿನ ಒಂದು ಕುದುರೆಲಾಯದಲ್ಲಿ ಅವರು ಗುಬ್ಬಚ್ಚಿ ಗೂಡನ್ನು ಗಮನಿಸಿದರು. ಹೆಣ್ಣು ಒಳಗೆ ಮೊಟ್ಟೆಯ ಮೇಲೆ ಕೂತಿದ್ದರೆ, ಗಂಡು ಹೊರಗೆ ಮೊಳೆಯ ಮೇಲೆ ಕಾವಲು ಕೂರುತ್ತಿತ್ತು. ಹುಡುಗ ಆ ಗಂಡನ್ನು ಬಂದೂಕಿನಿಂದ ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕೂತಿತು! ಏಳು ದಿನಗಳಲ್ಲಿ ಹೀಗೆ ಎಂಟು ಗಂಡುಗಳು. ಹಕ್ಕಿಗಳನ್ನು ಹೊಡೆದದ್ದು ಒಳ್ಳೆಯದಲ್ಲ, ನೀವು ಖಂಡಿತ ಹಾಗೆ ಮಾಡಬಾರದು. ಆದರೆ ಆ ಹುಡುಗ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದ. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದ. ಸುಮಾರು ಅರವತ್ತು ವರ್ಷಗಳ ನಂತರ ಆ ಬರಹ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಈಗ ನಮ್ಮ ಹಿತ್ತಲಿನ ಹಾಜರಿಯನ್ನು ನೋಡೋಣವೇ? ಗುಬ್ಬಚ್ಚಿಯ ವಿಷಯದಲ್ಲಿ ಪಾಠ ಕಲಿತ ಮೇಲೆ ನಾನು ಬರೆಯಲು ತೊಡಗಿದೆ. ಕಾಗೆ, ಮೈನಾ, ಸೂರಕ್ಕಿ, ಪಿಕಳಾರ, ಗಿಳಿ ವರ್ಷವಿಡೀ ಹಾಜರ್. ಮಳೆಗಾಲ ಮುಗಿಯುತ್ತ ಬಂದಾಗ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ, ಒಬ್ಬ ಹೊಸ ವಿದ್ಯಾರ್ಥಿ ಬರುತ್ತಾನೆ. ಒಗೆಯುವ ಕಲ್ಲಿನ ಪಕ್ಕದ ನೀರಿನಲ್ಲಿ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡಾಡುವ ಬೂದು ಸಿಪಿಲೆ. ಅದರ ಬೆನ್ನು ಬೂದು, ಹೊಟ್ಟೆ ಹಳದಿ. ಇದು ಮರಿ ಮಾಡುವುದು ಹಿಮಾಲಯದಲ್ಲಿ ಮತ್ತು ಅದರಾಚೆಯ ಉತ್ತರದ ನಾಡುಗಳಲ್ಲಿ. ಹಸಿರು ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಯೂ ಇದೇ ಕಾಲಕ್ಕೆ ಬರುತ್ತದೆ. ಅದರ ತೂಕ ಹತ್ತು ಗ್ರಾಂ ಕೂಡ ಇಲ್ಲ. ಅಷ್ಟು ದೂರದಿಂದ ಇವು ಬರುವುದೇಕೆ? ಚಳಿಗಾಲದಲ್ಲಿ ಅಲ್ಲಿ ಹುಳುಗಳು ಸಿಗುವುದಿಲ್ಲ, ಇಲ್ಲಿ ಸಿಗುತ್ತವೆ. ಹೊರಡುವ ಕಾಲ ಬಂತೆಂದು ತಿಳಿಸುವ ಮುಖ್ಯ ಸೂಚನೆ ಹಗಲಿನ ಉದ್ದ. ಹಗಲು ಕುಗ್ಗುತ್ತ ಬಂದಂತೆ ಅವುಗಳ ದೇಹ ಪ್ರಯಾಣಕ್ಕೆ ಸಿದ್ಧವಾಗುತ್ತದೆ. ಏಪ್ರಿಲ್ ಹೊತ್ತಿಗೆ ಎರಡೂ ಹೊರಟುಹೋಗುತ್ತವೆ.

ಇನ್ನು ಕೋಗಿಲೆ. ನವೆಂಬರ್, ಡಿಸೆಂಬರಿನಲ್ಲಿ ಅದರ "ಕುಹೂ" ಕೇಳುವುದೇ ಅಪರೂಪ. ಹಾಗಾದರೆ ಅದು ಊರು ಬಿಟ್ಟಿದೆಯೇ? ಇಲ್ಲ! ಪರಂಗಿ ಹಣ್ಣಾದಾಗ ಸದ್ದಿಲ್ಲದೆ ಬಂದು ತಿಂದು ಹೋಗುತ್ತದೆ. ಯುಗಾದಿಯ ಸುಮಾರಿಗೆ ಗಂಡು ಕೋಗಿಲೆ ಜೋರಾಗಿ ಕೂಗುತ್ತದೆ, ಏಕೆಂದರೆ ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರ ಬಂದಿರುತ್ತದೆ. ಹೆಣ್ಣು ಕೋಗಿಲೆ ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ ತಾನೇ? ಆದ್ದರಿಂದ ಹಾಜರಿ ಪುಸ್ತಕದಲ್ಲಿ "ಕಂಡಿತು" ಮತ್ತು "ಕೇಳಿಸಿತು" ಎಂದು ಬೇರೆ ಬೇರೆಯಾಗಿ ಬರೆಯಬೇಕು.

ಬೆಂಗಳೂರಿನಲ್ಲಿ ಹೀಗೆ ಬರೆಯುವವರು ಹಿಂದಿನಿಂದಲೂ ಇದ್ದಾರೆ. ಜಯನಗರದ ಪಕ್ಕದ ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡಲು ಸೇರುವ ಪದ್ಧತಿ 1970ರ ದಶಕದಲ್ಲೇ ಆರಂಭವಾಯಿತು. 2007ರಲ್ಲಿ ಇಲ್ಲಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ ಒಂದು ಯೋಜನೆ ಶುರುವಾಯಿತು. ವಲಸೆ ಹಕ್ಕಿಗಳನ್ನು ಆ ವರ್ಷ ಮೊದಲು ಕಂಡ ದಿನಾಂಕವನ್ನು ತಿಳಿಸಿ ಎಂದು ಅದು ಜನರನ್ನೇ ಕೇಳಿತು. ಪ್ರತಿ ಫೆಬ್ರುವರಿಯಲ್ಲಿ ಹಲವು ದೇಶಗಳಲ್ಲಿ ನಾಲ್ಕು ದಿನ ನಡೆಯುವ ಹಿತ್ತಲಿನ ಹಕ್ಕಿ ಎಣಿಕೆಗೆ 2013ರಿಂದ ಭಾರತವೂ ಸೇರಿಕೊಂಡಿದೆ. ಹದಿನೈದು ನಿಮಿಷ ನಿಂತು ಎಣಿಸಿದರೆ ಸಾಕು. ನಿಮ್ಮ ಶಾಲೆಯೂ ಇದರಲ್ಲಿ ಸೇರಬಹುದು, ಶಿಕ್ಷಕರನ್ನು ಕೇಳಿ.

ಹಾಜರಿ ಪುಸ್ತಕ ಮಾಡುವುದು ಸುಲಭ. ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳೇ ಸಾಕು. ದಿನಾಂಕ, ಸಮಯ, ಜಾಗ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು ಎಂದು ಆರು ಕಲಂ ಎಳೆಯಿರಿ. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಹದಿನೈದು ನಿಮಿಷ ನೋಡಿ. ಒಂದು ವಾರ ಐದು ನಿಮಿಷ, ಇನ್ನೊಂದು ವಾರ ಒಂದು ಗಂಟೆ ನೋಡಿದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಹಕ್ಕಿಯ ಹೆಸರು ಗೊತ್ತಿಲ್ಲವೇ? ಬಣ್ಣ, ಗಾತ್ರ, ಕೊಕ್ಕಿನ ಆಕಾರ ಬರೆಯಿರಿ. "ಮೈನಾಗಿಂತ ಚಿಕ್ಕದು, ಬಾಲ ಕುಣಿಸುತ್ತದೆ" ಎಂದರೂ ಆಯಿತು. ನಿಮ್ಮ ಅಜ್ಜಿಯನ್ನು ಕೇಳಿ, ನಿಮ್ಮ ಊರಿನಲ್ಲಿ ಅದಕ್ಕೊಂದು ಹೆಸರು ಇದ್ದೇ ಇರುತ್ತದೆ. ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕಾಣದ್ದನ್ನು ಕಂಡೆನೆಂದು ಮಾತ್ರ ಎಂದಿಗೂ ಬರೆಯಬೇಡಿ. ಗೂಡಿನ ಹತ್ತಿರ ಹೋಗಬೇಡಿ, ಮೊಟ್ಟೆ ಮುಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಕ್ಕಿ ಬಾರದ ವಾರವೂ ಬರೆಯಬೇಕು. ಅದರ ಹೆಸರಿನ ಮುಂದೆ ಸೊನ್ನೆ ಹಾಕಿ. ಖಾಲಿ ಬಿಟ್ಟ ಜಾಗವೆಂದರೆ "ನಾನು ನೋಡಲೇ ಇಲ್ಲ" ಎಂದು ಅರ್ಥ. ಸೊನ್ನೆ ಎಂದರೆ "ನಾನು ನೋಡಿದೆ, ನನಗೆ ಕಾಣಲಿಲ್ಲ" ಎಂದು ಅರ್ಥ. ಇವೆರಡೂ ಒಂದೇ ಅಲ್ಲ. ಒಂದು ವಾರದ ಸೊನ್ನೆಯಿಂದ ಏನೂ ತಿಳಿಯದಿರಬಹುದು. ವರ್ಷಗಟ್ಟಲೆ ಸೊನ್ನೆ ಬಿದ್ದರೆ ಅದನ್ನು ನೋಡಿ ಯಾರಾದರೂ ಕಾರಣ ಹುಡುಕಲು ಹೊರಡಬಹುದು. ನಮ್ಮ ಗುಬ್ಬಚ್ಚಿಗಳಿಗೆ ಅಂಥ ಸೊನ್ನೆಯನ್ನು ಹಾಕುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಕಳೆದ ವರ್ಷ ನಮ್ಮ ಪಕ್ಕದ ಹಳೆಯ ಮನೆಯನ್ನು ಕೆಡವಿದರು. ಅಪಾರ್ಟ್‌ಮೆಂಟ್ ಕಟ್ಟಲು ಅಲ್ಲಿದ್ದ ಸಂಪಿಗೆ ಮರವೂ ಹೋಯಿತು. ಆ ಮರಕ್ಕೆ ಯಾವ ಯಾವ ಹಕ್ಕಿಗಳು, ಯಾವ ತಿಂಗಳು, ಎಷ್ಟೆಷ್ಟು ಬರುತ್ತಿದ್ದವು ಎಂಬುದು ಈಗ ನನ್ನ ನೋಟ್‌ಬುಕ್ಕಿನಲ್ಲಿ ಇದೆ. ಪುಸ್ತಕ ಮರವನ್ನು ಉಳಿಸಲಿಲ್ಲ, ನಿಜ. ಆದರೆ ಹೊಸ ಮನೆಯವರು "ಇಲ್ಲಿ ಎಂಥ ಗಿಡ ನೆಡೋಣ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿತ್ತು.

ನಿಮ್ಮ ಊರು ಬೀದರ್ ಇರಲಿ, ಕಾರವಾರವಿರಲಿ, ಕೊಳ್ಳೇಗಾಲವಿರಲಿ, ನಿಮ್ಮ ಹಿತ್ತಲನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನಾಳೆ ಬೆಳಿಗ್ಗೆ ಮುಖ ತೊಳೆಯಲು ಹೊರಗೆ ಬಂದಾಗ ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಬರುವುದು ಕಾಗೆಯೇ ಇರಬಹುದು. ನಗಬೇಡಿ, ದಿನಾಂಕ ಹಾಕಿ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.