ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿದೆ

ಕಳೆದ ತಿಂಗಳು ಒಂದು ತರಬೇತಿಗೆ ಬೆಂಗಳೂರಿಗೆ ಹೋಗಿದ್ದೆ. ಜಿಲ್ಲೆಗಳಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಹೊಸ ಸಾಧನಗಳನ್ನು ತೋರಿಸುವ ಎರಡು ದಿನದ ಕಾರ್ಯಕ್ರಮ. ಎರಡನೇ ದಿನ ಊಟವಾದ ಮೇಲೆ ಒಂದು ಖಾಲಿ ಕೋಣೆಗೆ ಕರೆದು, ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿದರು.

ಒಳಗೆ ಒಂದು ಹಳೆ ಮನೆ. ಆ ಮನೆ ಈಗ ಇಲ್ಲವಂತೆ. ಕೆಡವುವ ಮುಂಚೆ ಮೂಲೆಮೂಲೆಯ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದ್ದಾರೆ. "ನಿಂತಲ್ಲೇ ನಿಲ್ಲಬೇಡಿ ಸರ್, ನಡೀರಿ" ಅಂದ ಅಲ್ಲಿನ ಹುಡುಗ. ನಡೆದೆ. ಪಡಸಾಲೆ ದಾಟಿದೆ. ಅಡುಗೆಮನೆಯ ಗಿಡ್ಡ ಬಾಗಿಲು ಬಂತು, ತಲೆ ಬಗ್ಗಿಸಿದೆ. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಅವರ ಕಣ್ಣಿಗೆ ನಾನು ಖಾಲಿ ಕೋಣೆಯ ನಡುವೆ ಸುಮ್ಮನೆ ಬಗ್ಗಿದ ಮನುಷ್ಯ. ಕಂಬ ಹಿಡಿಯಲು ಕೈ ಚಾಚಿದೆ, ಏನೂ ಸಿಗಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟಾಗ ಎದುರಿಗೆ ಗೆರೆಗಳ ಬಲೆಯೊಂದು ಎದ್ದಿತು. ನಿಜವಾದ ಗೋಡೆ ಹತ್ತಿರ ಬಂತು, ನಿಲ್ಲು ಅಂತ ಅದರ ಅರ್ಥ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಹೆಡ್‌ಸೆಟ್ಟಿನ ಮೈಮೇಲಿರುವ ಸಣ್ಣ ಕ್ಯಾಮೆರಾಗಳು ಕೋಣೆಯನ್ನು ನೋಡುತ್ತಾ ನಮ್ಮ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತವೆ. ಅದರಂತೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ಬದಲಾಗುತ್ತದೆ. ಲೆಕ್ಕ ಸ್ವಲ್ಪ ತಡವಾದರೂ ತಲೆಸುತ್ತು ಬರುತ್ತದೆ.

ನಮ್ಮ ವೃತ್ತಿಗೂ ಇದಕ್ಕೂ ನಂಟಿದೆ. ನಾನಿ ಡೆ ಲಾ ಪೆನ್ಯಾ ಎಂಬ ಅಮೆರಿಕದ ಪತ್ರಕರ್ತೆ 2012ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇಂಥದ್ದೊಂದು ವರದಿ ತೋರಿಸಿದರು. ಲಾಸ್ ಏಂಜಲೀಸಿನಲ್ಲಿ ಉಚಿತ ಆಹಾರಕ್ಕೆ ಸಾಲು ನಿಂತಿದ್ದ ಸಕ್ಕರೆ ಕಾಯಿಲೆಯ ವ್ಯಕ್ತಿಯೊಬ್ಬ ಕುಸಿದು ಬಿದ್ದ ಘಟನೆ ಅದು. ದೃಶ್ಯ ಕಂಪ್ಯೂಟರಿನದು, ಧ್ವನಿ ಮಾತ್ರ ಅಂದು ಅಲ್ಲಿ ದಾಖಲಾದದ್ದು. ನೋಡಿದವರು ಬಿದ್ದವನ ಪಕ್ಕ ಮಂಡಿಯೂರಿದರು, ಕೆಲವರು ಅತ್ತರು. ಆ ಹೆಡ್‌ಸೆಟ್ ತಯಾರಿಯಲ್ಲಿ ನೆರವಾದ ಪಾಮರ್ ಲಕ್ಕಿ ಎಂಬ ಹುಡುಗ ಅದೇ ವರ್ಷ ಆಕ್ಯುಲಸ್ ಕಂಪನಿ ಶುರು ಮಾಡಿದ. 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡಿತು. ಹಸಿದವರ ಸಾಲಿನ ವರದಿಗೆ ನೆರವಾದ ಹುಡುಗನ ಕೆಲಸ ಎರಡೇ ವರ್ಷದಲ್ಲಿ ದೊಡ್ಡ ವ್ಯಾಪಾರವಾಯಿತು.

ಅಲ್ಲಿಂದೀಚೆಗೆ ಇದರ ಭವಿಷ್ಯದ ಮಾತೆಲ್ಲ ಆಟ, ಮಾಲು, ಆಫೀಸು ಮೀಟಿಂಗಿನ ಸುತ್ತಲೇ ಹೆಚ್ಚು. ಗೂಗಲ್ ರಟ್ಟಿನ ಅಗ್ಗದ ಕನ್ನಡಕ ತಂದಿತ್ತು, 2021ರಲ್ಲಿ ಮಾರಾಟ ನಿಲ್ಲಿಸಿತು. ಆ್ಯಪಲ್ 2024ರಲ್ಲಿ ತಂದದ್ದಕ್ಕೆ 3,499 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ಅಷ್ಟು ದುಡ್ಡಿದ್ದರೆ ನಮ್ಮ ಕಡೆ ಎತ್ತಿನ ಜೋಡಿ ಕಟ್ಟುತ್ತಾರೆ. ಹಾಗಾದರೆ ಹಳ್ಳಿಯವರಿಗೆ ಇದರಿಂದ ಏನು ಬಂತು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಊರಿಗೆ ಬಂದು ಅವ್ವನ ಮುಂದೆ ಕೂತಾಗ. ನಮ್ಮದು ಬಾಗಲಕೋಟೆ ಜಿಲ್ಲೆ. ನಮ್ಮ ಹಳೆ ಊರು ನಾನು ಶಾಲೆಗೆ ಹೋಗುವಾಗಲೇ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಈಗಿರುವುದು ಪುನರ್ವಸತಿ ಕೇಂದ್ರದಲ್ಲಿ. ಬೆಂಗಳೂರಿನಲ್ಲಿ ನಡೆದದ್ದು ಹೇಳಿದೆ. ಅವ್ವ ನಗಲಿಲ್ಲ.

"ನಮ್ಮ ಹಳೀ ಮನಿ ಬಾಗಲಾ ಹಂಗ ಗಿಡ್ಡ ಇತ್ತಲ್ಲೋ. ನಿಮ್ಮಪ್ಪ ದಿನಾ ತಲಿ ಬಡಸ್ಕೋತಿದ್ದ. ಅದನ್ನೂ ಹಂಗ ತೋರಸ್ತಾರನು?"

ತೋರಿಸಲು ಏನಿದೆ? ನಮ್ಮ ಹಳೆ ಮನೆಯ ಫೋಟೊ ಇರುವುದು ಎರಡೇ. ಒಂದು ಅಕ್ಕನ ಮದುವೆಯದು, ಅದರಲ್ಲಿ ಬಾಗಿಲು ಅರ್ಧ ಕಾಣುತ್ತದೆ. ಇನ್ನೊಂದು ಪರಿಹಾರದ ಫೈಲಿನಲ್ಲಿದೆ, ಬಾಗಿಲೆಷ್ಟು ಕಿಟಕಿ ಎಷ್ಟು ಎಂಬ ಲೆಕ್ಕದ ಜೊತೆ. ಎರಡು ಫೋಟೊದಿಂದ ಯಾವ ಕಂಪ್ಯೂಟರೂ ಮನೆ ಕಟ್ಟಲಾರದು.

ನಮ್ಮದಂತೂ ಹೋಯಿತು. ಆದರೆ ಮುಳುಗಡೆ ಮುಗಿದಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತ ಅಂತ ದಿನಾ ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ನಾಲ್ಕೂವರೆ ಮೀಟರಿಗೂ ಹೆಚ್ಚು ನೀರು ಏರಿದರೆ ಇನ್ನಷ್ಟು ಹಳ್ಳಿ, ಹೊಲ, ಗುಡಿ, ದರ್ಗಾ ನೀರಿಗೆ ಹೋಗುತ್ತವೆ. ಅವು ಇನ್ನೂ ನಿಂತಿವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಈ ತಂತ್ರಜ್ಞಾನ ಮೊದಲು ಬರಬೇಕಾದದ್ದು ಮುಳುಗಲಿರುವ ಊರಿಗೆ. ಸಮೀಕ್ಷೆಗೆ ಬರುವ ಅಧಿಕಾರಿಗಳು ಮನೆಮನೆ ಹೊಕ್ಕು ಬೆಲೆ ಕಟ್ಟಲು ಅಳೆಯುತ್ತಾರೆ. ಅದರ ಜೊತೆಗೇ ಊರನ್ನು ನಡೆದಾಡುವಂತೆ ದಾಖಲಿಸಲಿ. ಗೌಡರ ವಾಡೆ, ದೊಡ್ಡ ಗುಡಿ ಅಷ್ಟೇ ಅಲ್ಲ, ಕೇರಿಯ ಮನೆಗಳೂ ಇರಲಿ. ಅದರ ಒಂದು ಪ್ರತಿ ಊರಿನ ಪಂಚಾಯಿತಿಯಲ್ಲಿ, ಒಂದು ಶಾಲೆಯಲ್ಲಿ ಉಳಿಯಲಿ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅಂತ ಊರವರು ಹೇಳಲಿ.

ಒಂದು ಭಯವೂ ಇದೆ. "ನಿಮ್ಮ ಊರು ಕಂಪ್ಯೂಟರಿನಲ್ಲಿ ಉಳಿಸಿಕೊಟ್ಟಿದ್ದೇವಲ್ಲ, ಇನ್ನೇನು?" ಎಂದು ಯಾರಾದರೂ ಕೇಳಬಹುದು. ಆ ಮಾತಿಗೆ ಜಾಗ ಕೊಡಬಾರದು. ಚಿತ್ರದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಹಕ್ಕಿಯಲ್ಲಿ ಎಮ್ಮೆ ಕಟ್ಟಲಾಗುವುದಿಲ್ಲ. ಭೂಮಿಗೆ ಭೂಮಿ, ದುಡಿಮೆಗೆ ದುಡಿಮೆ ಕೇಳುವುದು ಬೇರೆ ಹೋರಾಟ. ಅದು ನಡೆಯಲೇಬೇಕು.

ಸರ್ಕಾರ ಮಾಡುವವರೆಗೂ ಕಾಯಬೇಕಿಲ್ಲ. ಕೈಯಲ್ಲಿರುವ ಮೊಬೈಲಿನಿಂದಲೇ ಶುರು ಮಾಡಬಹುದು. ಮುಂಜಾನೆ ಅಥವಾ ಮೋಡದ ದಿನ, ನೆರಳು ಗಾಢವಾಗಿರದಾಗ ತೆಗೆಯಿರಿ. ನಿಂತಲ್ಲೇ ತಿರುಗದೆ ಒಂದೊಂದು ಹೆಜ್ಜೆ ಸರಿದು ಒಂದೊಂದು ಫೋಟೊ. ಒಂದರಲ್ಲಿ ಕಂಡದ್ದರ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಇರಬೇಕು. ಝೂಮ್ ಬೇಡ, ಫಿಲ್ಟರ್ ಬೇಡ. ಒಂದು ಮನೆಗೆ ನೂರಿನ್ನೂರು ಫೋಟೊ ಆದರೂ ಹೆಚ್ಚಲ್ಲ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಮೂಲ ಫೈಲನ್ನೇ ಎರಡು ಕಡೆ ಇಟ್ಟುಕೊಳ್ಳಿ. ಗಿರಣಿಯ ಸದ್ದು, ಗುಡಿಯ ಗಂಟೆ, ಹಿರಿಯರ ಮಾತನ್ನೂ ರೆಕಾರ್ಡ್ ಮಾಡಿ. ಬಿಡಿ ಫೋಟೊಗಳನ್ನು ಜೋಡಿಸಿ ನಡೆದಾಡುವ ಮನೆ ಮಾಡುವ ಸಾಫ್ಟ್‌ವೇರ್ ಈಗಾಗಲೇ ಇದೆ. ನಾಳೆ ಇನ್ನೂ ಅಗ್ಗವಾಗಬಹುದು. ಹೆಡ್‌ಸೆಟ್ ಹತ್ತು ಸಲ ಬದಲಾಗಲಿ, ಫೋಟೊ ಇದ್ದರೆ ಸಾಕು.

ನೀವು ಹಿನ್ನೀರಿನ ಅಂಚಿನ ಊರಿನವರಾದರೆ ಈ ಭಾನುವಾರ ಒಂದು ಓಣಿಯಿಂದ ಶುರು ಮಾಡಿ. ಮೊದಲು ಅವ್ವನನ್ನೋ ಅಜ್ಜನನ್ನೋ ಕೇಳಿ, ಯಾವ ಮೂಲೆ ಬಿಡಬಾರದು ಅಂತ. ನಮ್ಮ ಅವ್ವನನ್ನು ಆಗ ಯಾರಾದರೂ ಕೇಳಿದ್ದರೆ ಆ ಗಿಡ್ಡ ಬಾಗಿಲನ್ನೇ ತೋರಿಸುತ್ತಿದ್ದಳು.