ಮನೆಯ ಮಾತು: ಬಳೆ ಏರದ ದಿನ

ಗರ್ಭಿಣಿಯನ್ನು ಸುಶ್ರುತನು ‘ದೌಹೃದಿನೀ’ ಎಂದು ಕರೆದಿರುವನು. ಎರಡು ಹೃದಯಗಳನ್ನು ಧರಿಸಿದವಳು ಎಂದರ್ಥ. ಈ ಪದವನ್ನು ಮೂವತ್ತು ವರ್ಷಕಾಲ ಬೋಧಿಸಿದ ನಾನು ಅದರ ತಾತ್ಪರ್ಯವನ್ನು ಕಲಿತುದು ನಿವೃತ್ತನಾದ ಮೇಲೆ.

ನನ್ನ ಮಗಳು ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದಿದ್ದಳು. ಸೀಮಂತದ ದಿನ ಕೈ ಊದಿಕೊಂಡು ಬಳೆಗಳು ಏರಲೊಲ್ಲವು, ಮುಖವೂ ಬಾತಿದ್ದಿತು. “ಬಸುರಿಯ ಬಾವು ಸಹಜ” ಎಂದರು ಹಿರಿಯರು, ನಾನೂ ತಲೆದೂಗಿದೆನು. ಸಮಾರಂಭದ ಸಡಗರದಲ್ಲಿ ಆ ತಿಂಗಳ ತಪಾಸಣೆಯನ್ನು ಮುಂದೂಡಿದವನೂ ನಾನೇ. ಮೂರನೆಯ ದಿನ ಅವಳಿಗೆ ತಲೆನೋವು ಬಲವಾಯಿತು, ಕಣ್ಣು ಮಂಜಾಯಿತು. ಆಸ್ಪತ್ರೆಯಲ್ಲಿ ಅಳೆದಾಗ ರಕ್ತದ ಒತ್ತಡವು 170/110. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದಿತು.

ಗರ್ಭನಂಜು ಎಂಬ ಈ ವ್ಯಾಧಿಯು ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ತಲೆದೋರುವುದು. ಒತ್ತಡವು 140/90ಕ್ಕೆ ಮುಟ್ಟಿದರೆ ಎಚ್ಚರಗೊಳ್ಳಬೇಕು. ಮಾಸಿಗೆ ರಕ್ತವನ್ನೊಯ್ಯುವ ನಾಳಗಳು ತಕ್ಕಷ್ಟು ಹಿಗ್ಗದಿದ್ದರೆ ಶಿಶುವಿಗೆ ಆಹಾರವೂ ಪ್ರಾಣವಾಯುವೂ ಕುಂದುವುವು. ಅದು ಬಡಕಲಾಗಿ ಬೆಳೆಯುವುದು, ದಿನ ತುಂಬುವ ಮೊದಲೇ ಹುಟ್ಟಬೇಕಾಗುವುದು, ಕೆಲವೊಮ್ಮೆ ಗರ್ಭದಲ್ಲಿಯೇ ಅಳಿಯುವುದೂ ಉಂಟು. ತಾಯಿಗಾದರೋ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಹಾನಿ. ಹಠಾತ್ತನೆ ಸೆಳವು ಬಂದು ಪ್ರಾಣಕ್ಕೇ ಎರವಾಗಬಹುದು.

ಚೊಚ್ಚಲು ಬಸುರಿಯರು, ಅವಳಿ ಮಕ್ಕಳನ್ನು ಹೊತ್ತವರು, ಅತಿಸ್ಥೂಲರು, ವಯಸ್ಸು 35 ಮೀರಿದವರು, ಮೊದಲೇ ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ರೋಗಗಳುಳ್ಳವರು, ಹಿಂದಿನ ಬಸುರಿನಲ್ಲಿ ಈ ನಂಜನ್ನು ಕಂಡವರು, ತಾಯಿಗೋ ಸೋದರಿಗೋ ಇದು ಬಂದಿದ್ದವರು ಹೆಚ್ಚು ಜಾಗರೂಕರಾಗಿರಬೇಕು. ಅಪಾಯ ಹೆಚ್ಚಿರುವವರಿಗೆ ವೈದ್ಯರು ನಾಲ್ಕನೆಯ ತಿಂಗಳೊಳಗೇ ಅಲ್ಪಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ಆರಂಭಿಸುವುದುಂಟು. ಅದನ್ನು ತಾವಾಗಿ ನುಂಗತಕ್ಕದ್ದಲ್ಲ. ಈ ಯಾವ ಲಕ್ಷಣವೂ ಇಲ್ಲದವಳಿಗೂ ನಂಜು ಬರಬಹುದು. ಅದಕ್ಕಿಂತ ಕಠಿನವಾದ ಮಾತೆಂದರೆ, ಏರಿದ ಒತ್ತಡವು ಬಹುಕಾಲ ಯಾವ ನೋವನ್ನೂ ಕೊಡದು. ಅಳೆಯದೆ ಅದನ್ನು ಅರಿಯುವ ಉಪಾಯವಿಲ್ಲ.

ನನ್ನ ಮಗಳಿಗೆ ಒತ್ತಡವನ್ನಿಳಿಸುವ ಔಷಧವನ್ನೂ, ಸೆಳವನ್ನು ತಡೆಯುವ ಮೆಗ್ನೀಸಿಯಂ ಸಲ್ಫೇಟನ್ನೂ, ಶಿಶುವಿನ ಶ್ವಾಸಕೋಶಗಳು ಬಲಿಯಲೆಂದು ಸ್ಟಿರಾಯ್ಡು ಚುಚ್ಚುಮದ್ದನ್ನೂ ಕೊಟ್ಟರು. ಈ ನಂಜು ಬಿಡಲು ಹೆರಿಗೆಯೇ ಆಗಬೇಕು. ಎರಡು ದಿನಗಳ ತರುವಾಯ, 33ನೆಯ ವಾರದಲ್ಲಿ, 1 ಕಿಲೋ 600 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅದನ್ನು ಅಪ್ಪಿಸಿಟ್ಟು, ಹಾಲನ್ನು ಹನಿಹನಿಯಾಗಿ ಕುಡಿಸಿ, 19 ದಿನಗಳ ಮೇಲೆ ಮನೆಗೆ ಕಳುಹಿದರು. ಈಗ ಆ ಮೊಮ್ಮಗಳು ನನ್ನ ಊರುಗೋಲನ್ನೆಳೆದುಕೊಂಡು ಅಂಗಳದಲ್ಲಿ ಓಡಾಡುವಳು. ಅವಳನ್ನು ಕಂಡಾಗಲೆಲ್ಲ ನನಗೆ ಸಂತೋಷವೂ ನಾಚಿಕೆಯೂ ಒಟ್ಟಿಗೇ ಆಗುವುವು.

ಗೃಹಸ್ಥರೇ, ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಉಂಟು. ಮುಖದಲ್ಲಿ, ಕೈಯಲ್ಲಿ ಹಠಾತ್ತನೆ ಬಾವು, ಬಿಡದ ತಲೆನೋವು, ಮಂಜುಗಣ್ಣು, ಎದೆಗುಂಡಿಗೆಯ ಕೆಳಗೆ ನೋವು ಇವುಗಳಲ್ಲಿ ಒಂದು ಕಂಡರೂ 9ನೆಯ ತಾರೀಕಿಗಾಗಿ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆರಿಗೆಯಾದ ಮೇಲೂ ಆರು ವಾರ ಎಚ್ಚರವಿರಲಿ. ಸೀಮಂತಕ್ಕೆ ಮುಹೂರ್ತವನ್ನು ನೋಡುವ ಮೊದಲು ತಾಯಿ ಕಾರ್ಡನ್ನೊಮ್ಮೆ ನೋಡಿರಿ; ಆ ತಿಂಗಳ ಒತ್ತಡದ ಅಂಕಣ ಬರಿದಾಗಿದ್ದರೆ ಬಳೆಗಾರನು ಒಂದು ದಿನ ಕಾಯಲಿ.